ಡಬ್ಬಿಯೊಳಗಿನ ರೂಪಾಯಿ

ಬೋಧನಾಭ್ಯಾಸದಲ್ಲಿ ಒಂದೇ ಪಾಠವನ್ನು ಮೂರು ಸಲ ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಗೆ ನಾನು ತೆಗೆದುಕೊಂಡ ಐಸಿಟಿ ಪಾಠ ಒಂದೇ: ವೆಬ್ ಪುಟದಲ್ಲಿ ಹಣದ ಚಿಹ್ನೆಗಳನ್ನು, ಮುಖ್ಯವಾಗಿ ನಮ್ಮ ರೂಪಾಯಿ ಚಿಹ್ನೆ ₹ ಅನ್ನು, ಅಕ್ಷರ ಸಂಕೇತದ ಮೂಲಕ ಮೂಡಿಸುವುದು. ಮೊದಲ ಸಲ ಪಾಠ ಸಪ್ಪೆಯಾಯಿತು. ಎರಡನೆಯ ಸಲ ಸರಿಯಾಗಿ ಬರೆದ ಹುಡುಗನೊಬ್ಬನನ್ನು ಎಲ್ಲರೆದುರು ತಪ್ಪುಗಾರನನ್ನಾಗಿ ಮಾಡಿದೆ. ಮೂರನೆಯ ಸಲ ಏನು ಬದಲಾಯಿತು ಎಂಬುದನ್ನು ಮುಂದಿನ ತಂಡದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಪಾಠಯೋಜನೆಯ ನಮೂನೆ ಎಲ್ಲರ ಫೈಲಿನಲ್ಲೂ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಕೊಟ್ಟಿಲ್ಲ.

ಯಾದಗಿರಿಯ ಪಾಠದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಂದು ಕರೆಂಟ್ ಇರಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಅಂಕಣ ಎಳೆದು ಒಂದು ಕಡೆ ಚಿಹ್ನೆ, ಇನ್ನೊಂದು ಕಡೆ ಸಂಕೇತ ಬರೆದೆ. ಡಾಲರ್ 36, ಸೆಂಟ್ 162, ಪೌಂಡ್ 163, ಯೆನ್ 165, ಯೂರೋ 8364, ರೂಪಾಯಿ 8377, ಹೀಗೆ ಒಟ್ಟು ಹನ್ನೆರಡು. ಅಂಪರ್‌ಸ್ಯಾಂಡ್ ಗುರುತು, ಹ್ಯಾಶ್ ಗುರುತು, ಸಂಖ್ಯೆ, ಕೊನೆಗೆ ಸೆಮಿಕೋಲನ್, ಅಂದರೆ ರೂಪಾಯಿಗೆ &#8377; ಎಂದು ಬರೆಯಬೇಕೆಂದು ಹೇಳಿದೆ. ಮಕ್ಕಳು ನೀಟಾಗಿ ಬರೆದುಕೊಂಡರು. ಕೊನೆಯ ಐದು ನಿಮಿಷದ ಮೌಲ್ಯಮಾಪನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ರೂಪಾಯಿಯ ಸಂಕೇತವನ್ನು ಸರಿಯಾಗಿ ಹೇಳಿದರು. ನನಗೆ ಖುಷಿಯಾಯಿತು. ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ಎದ್ದು ಒಂದೇ ಪ್ರಶ್ನೆ ಕೇಳಿದರು: "ಕೀಲಿಮಣೆಯಲ್ಲಿ ಡಾಲರ್ ಕೀಲಿ ಒತ್ತಿದರೆ ಡಾಲರ್ ಬರುತ್ತದೆ. ಹಾಗಿದ್ದರೆ ಈ ಸಂಖ್ಯೆ ಯಾಕೆ ಬೇಕು?" ಯಾರೂ ಕೈ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ನನ್ನ ವೀಕ್ಷಣಾ ಪುಸ್ತಕದಲ್ಲಿ ಅವರು "ಸಂಕೇತ ಬಂತು, ಕಾರಣ ಬರಲಿಲ್ಲ" ಎಂದು ಬರೆದರು.

ಆ ಮಾತು ಮನಸ್ಸಿನಲ್ಲಿ ಕೂತಿತು. ಶಹಾಪುರದ ಪಾಠಕ್ಕೆ ಒಂದು ವಾರ ತಯಾರಿ ಮಾಡಿಕೊಂಡೆ. ರೂಪಾಯಿ ಚಿಹ್ನೆಯ ಕಥೆಯನ್ನು ಪ್ರೇರಣೆಗೆ ಇಟ್ಟುಕೊಂಡೆ. ಕೇಂದ್ರ ಸಚಿವ ಸಂಪುಟ ಈ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈ 15ರಂದು. ವಿನ್ಯಾಸ ಮಾಡಿದವರು ಮುಂಬೈ ಐಐಟಿಯಲ್ಲಿ ಓದಿದ ಡಿ. ಉದಯ ಕುಮಾರ್. ದೇವನಾಗರಿಯ 'ರ' ಅಕ್ಷರವನ್ನೂ ಕಡ್ಡಿ ಇಲ್ಲದ ಇಂಗ್ಲಿಷಿನ 'ಆರ್' ಅಕ್ಷರವನ್ನೂ ಒಂದೇ ಗೆರೆಯಲ್ಲಿ ಕೂಡಿಸಿದ ಆಕಾರ ಅದು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ 6.0 ಆವೃತ್ತಿಯಲ್ಲಿ ಅದಕ್ಕೆ 8377 ಎಂಬ ಸಂಖ್ಯೆ ಸಿಕ್ಕಿತು. ಮರುವರ್ಷ ನಾಣ್ಯಗಳ ಮೇಲೂ ಕಾಣಿಸಿಕೊಂಡಿತು. ಮಕ್ಕಳ ಜೇಬಿನಲ್ಲಿರುವ ಐದು ರೂಪಾಯಿಯನ್ನೇ ಬೋಧನೋಪಕರಣ ಮಾಡಿಕೊಳ್ಳಬಹುದಲ್ಲ ಎಂದು ನನಗೆ ಹಿಗ್ಗು.

ಶಹಾಪುರದ ಶಾಲೆಯಲ್ಲಿ ಲ್ಯಾಬ್ ಇತ್ತು. ನಾಲ್ಕು ಯಂತ್ರಗಳು ಚಾಲೂ ಇದ್ದವು, ಒಂದೊಂದಕ್ಕೆ ಎಂಟು ಹತ್ತು ಮಕ್ಕಳು. ಕಿಟಕಿಯಿಂದ ದೂರದಲ್ಲಿ ಬುದ್ಧ ಮಲಗಿದ ಬೆಟ್ಟ ಕಾಣುತ್ತಿತ್ತು. ಪ್ರೇರಣೆ ಚೆನ್ನಾಗಿಯೇ ಆಯಿತು. ನಾನು ಹಿಂದಿನ ರಾತ್ರಿ ಮೊಬೈಲಿನಲ್ಲಿ ಪರೀಕ್ಷಿಸಿದ್ದ ಪುಟವನ್ನೇ ಮಕ್ಕಳಿಗೆ ಬರೆಯಲು ಹೇಳಿದೆ: ಹತ್ತಿ, ತೊಗರಿ, ಭತ್ತ ಎಂಬ ಮೂರು ಸಾಲು, ಪ್ರತಿ ಸಾಲಿನಲ್ಲೂ ಒಂದು ಕ್ವಿಂಟಲಿನ ಊಹೆಯ ದರ. ಮೊದಲು ಮುಗಿಸಿದವನು ಎರಡನೆಯ ಯಂತ್ರದ ಮುಂದಿದ್ದ ಒಬ್ಬ ಹುಡುಗ. ಅವನ ಪುಟದಲ್ಲಿ ರೂಪಾಯಿ ಇರಬೇಕಾದ ಕಡೆ ಒಂದು ಖಾಲಿ ಚೌಕ ಬಂದಿತ್ತು.

"ಎಲ್ಲೋ ತಪ್ಪಾಗಿದೆ, ಮತ್ತೊಮ್ಮೆ ಬರಿ" ಎಂದೆ.

ಬರೆದ. ಮತ್ತೆ ಚೌಕ. ಸಂಖ್ಯೆ ನೋಡಿದೆ, ಸರಿಯಾಗಿಯೇ ಇತ್ತು. ಆದರೂ ಸೆಮಿಕೋಲನ್ ಎಂದೆ, ಜಾಗ ಬಿಟ್ಟಿದ್ದೀಯ ಎಂದೆ. ಮೂರನೆಯ ಸಲ ಅಳಿಸಿ ಬರೆಸಿದೆ. "ಮೇಡಂರೀ, ನಾ ಬರೋಬ್ಬರಿ ಬರ್ದೀನ್ರಿ" ಎಂದ ಹುಡುಗ, ತಲೆ ತಗ್ಗಿಸಿಕೊಂಡು. ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಪಕ್ಕದ ಯಂತ್ರದಲ್ಲೂ ಚೌಕ, ಅದರಾಚೆಯದರಲ್ಲೂ ಚೌಕ. ಹಿಂದಿನಿಂದ ಒಬ್ಬಳು "ರೂಪಾಯಿ ಡಬ್ಬ್ಯಾಗ ಕುಂತದರಿ ಮೇಡಂ" ಎಂದಳು. ಇಡೀ ಲ್ಯಾಬ್ ನಕ್ಕಿತು. ನಾನೂ ನಕ್ಕೆ, ಆದರೆ ಅದು ನಗುವ ಸ್ಥಿತಿಯಾಗಿರಲಿಲ್ಲ. ಗಂಟೆ ಬಾರಿಸಿತು. ಹುಡುಗ ನನ್ನ ಕಡೆ ನೋಡದೆ ಹೊರಗೆ ಹೋದ.

ಆ ಸಂಜೆ ನಾಲ್ಕೂ ಯಂತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಹಳೆಯ ವಿಂಡೋಸ್ 7, ನವೀಕರಣ ಕಂಡಿರಲಿಲ್ಲ. ವಿಂಡೋಸ್ 7 ಬಿಡುಗಡೆಯಾದದ್ದು 2009ರಲ್ಲಿ, ರೂಪಾಯಿ ಚಿಹ್ನೆ ಹುಟ್ಟುವುದಕ್ಕಿಂತ ಮೊದಲು. ಆಮೇಲೆ ಮೈಕ್ರೋಸಾಫ್ಟ್ ಕೊಟ್ಟ ನವೀಕರಣ ಹಾಕಿಕೊಂಡ ಯಂತ್ರಗಳಲ್ಲಿ ಮಾತ್ರ ಆ ಚಿಹ್ನೆಯ ಚಿತ್ರ ಫಾಂಟಿನೊಳಗೆ ಸೇರಿತು. ಲ್ಯಾಬಿನ ಯಂತ್ರಕ್ಕೆ 8377 ಎಂಬ ಸಂಖ್ಯೆ ಸರಿಯಾಗಿಯೇ ತಲುಪಿತ್ತು, ಅದಕ್ಕೆ ಬರೆಯಲು ಚಿತ್ರ ಇರಲಿಲ್ಲ, ಅಷ್ಟೇ. ಚಿತ್ರವಿಲ್ಲದ ಸಂಖ್ಯೆ ಬಂದಾಗ ಫಾಂಟು ಖಾಲಿ ಚೌಕವನ್ನು ಇಡುತ್ತದೆ. ಹುಡುಗನ ಪುಟವನ್ನೇ ನನ್ನ ಮೊಬೈಲಿಗೆ ಹಾಕಿಕೊಂಡು ತೆರೆದೆ. ಮೂರು ಸಾಲಿನಲ್ಲೂ ₹ ಸ್ಪಷ್ಟವಾಗಿ ಮೂಡಿತು. ಒಂದು ಅಕ್ಷರ ಕೂಡ ತಿದ್ದಿರಲಿಲ್ಲ.

ಮೂರು ಸಲ ಅಳಿಸಿ ಬರೆಸಿದ್ದು ನೆನಪಾಯಿತು. ತಪ್ಪು ಉತ್ತರಕ್ಕೆ ಶಿಕ್ಷಕರು ಗದರುವುದು ಬೇರೆ. ಸರಿ ಉತ್ತರ ಕೊಟ್ಟವನು ತನ್ನ ಉತ್ತರವನ್ನೇ ಅನುಮಾನಿಸುವಂತೆ ಮಾಡುವುದು ಬೇರೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ, ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಅದೇ ತರಗತಿಯಿಂದ ಹತ್ತು ನಿಮಿಷ ಪಡೆದೆ. ಮೊಬೈಲನ್ನು ಅವನ ಕೈಗೇ ಕೊಟ್ಟು "ಓದು" ಎಂದೆ. ಅವನು ಹತ್ತಿಯ ಸಾಲು ಓದಿದ. "ಇದು ನೀನು ನಿನ್ನೆ ಬರೆದ ಪುಟ. ತಪ್ಪು ನಿನ್ನದಲ್ಲ, ನನ್ನದು" ಎಂದು ಎಲ್ಲರೆದುರು ಹೇಳಿದೆ. ಅವನು ದೊಡ್ಡದಾಗಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಹಂಗಾದ್ರ ಮೇಡಂ, ಸಂಖ್ಯಾ ಬ್ಯಾರೆ, ಚಿತ್ರ ಬ್ಯಾರೆ ಅಂದಂಗಾಯ್ತಲ್ರಿ?" ಯಾದಗಿರಿಯಲ್ಲಿ ನಾನು ಹೇಳಿಕೊಡಲಾಗದೆ ಬಿಟ್ಟ ಕಾರಣ ಇವನ ಬಾಯಿಂದ ಬಂತು. ಮೂರನೆಯ ಪಾಠದ ಬುನಾದಿ ಈ ಪ್ರಶ್ನೆ.

ಇಲ್ಲಿ ವಿಷಯಜ್ಞಾನದ ಮಾತು ಸ್ವಲ್ಪ ವಿವರವಾಗಿ ಬರೆಯಬೇಕು. ನಮ್ಮಲ್ಲಿ ಹಲವರು ಇದನ್ನು ಒಂದೇ ಗಂಟಾಗಿ ತಿಳಿದುಕೊಂಡಿದ್ದೇವೆ, ನಾನೂ ಸೇರಿ. ಪರದೆಯ ಮೇಲೆ ಒಂದು ಚಿಹ್ನೆ ಕಾಣಬೇಕಾದರೆ ಮೂರು ಕೆಲಸ ಆಗಬೇಕು. ಚಿಹ್ನೆಗೆ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆ ಇರಬೇಕು, ಅದು ಯೂನಿಕೋಡ್. ಆ ಸಂಖ್ಯೆಯನ್ನು ಕಡತದಲ್ಲಿ ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿ ಇರಬೇಕು, ಇಂದು ಸಾಮಾನ್ಯವಾಗಿ ಅದು ಯುಟಿಎಫ್-8. ಕೊನೆಗೆ ಸಂಖ್ಯೆಯನ್ನು ನೋಡಿ ಆಕಾರ ಬಿಡಿಸುವ ಫಾಂಟು ಬೇಕು. ಯಾವ ಹಂತದಲ್ಲಿ ಕೆಟ್ಟರೆ ಯಾವ ರೋಗಲಕ್ಷಣ ಎಂಬುದು ಬೇರೆ ಬೇರೆ. ಫಾಂಟು ಇಲ್ಲದಿದ್ದರೆ ಶಹಾಪುರದ ಡಬ್ಬಿ. ಬೈಟುಗಳ ಹಂತದಲ್ಲಿ ಕೆಟ್ಟರೆ ಇನ್ನೂ ವಿಚಿತ್ರ: ಯುಟಿಎಫ್-8ರಲ್ಲಿ ₹ ಚಿಹ್ನೆ 226, 130, 185 ಎಂಬ ಮೂರು ಬೈಟುಗಳಾಗಿ ಕೂರುತ್ತದೆ. ಬ್ರೌಸರ್ ಅದನ್ನು ಹಳೆಯ ಪಶ್ಚಿಮ ಯುರೋಪಿನ ಪಟ್ಟಿಯ ಪ್ರಕಾರ ಓದಿದರೆ ಮೂರೂ ಬಿಡಿಬಿಡಿ ಅಕ್ಷರಗಳಾಗುತ್ತವೆ. ಟೋಪಿ ಹಾಕಿಕೊಂಡ ಇಂಗ್ಲಿಷ್ 'ಎ', ಒಂದು ಅಲ್ಪವಿರಾಮದಂಥ ಗುರುತು, ಮೇಲಕ್ಕೆ ಹತ್ತಿದ ಸಣ್ಣ 1. ಬೆಲೆಯ ಮುಂದೆ ಇಂಥ ಮೂರು ಗುರುತು ಕಂಡವರು ನಮ್ಮಲ್ಲಿ ಅನೇಕರಿರಬಹುದು. ಪುಟದ ತಲೆಭಾಗದ ಮೆಟಾ ಟ್ಯಾಗಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ಹೇಳಿ, ಕಡತವನ್ನೂ ಹಾಗೆಯೇ ಉಳಿಸಿದರೆ ಇದು ಸರಿಹೋಗುತ್ತದೆ.

ನಮ್ಮ ಉಪನ್ಯಾಸಕರು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. &#8377; ಎಂದು ಬರೆದಾಗ ಕಡತದಲ್ಲಿ ಕೂರುವುದು ರೂಪಾಯಿ ಚಿಹ್ನೆ ಅಲ್ಲ. ಅಂಪರ್‌ಸ್ಯಾಂಡ್, ಹ್ಯಾಶ್, ನಾಲ್ಕು ಅಂಕೆ, ಸೆಮಿಕೋಲನ್, ಎಲ್ಲವೂ ಆಸ್ಕಿಯ ಹಳೆಯ ಪಟ್ಟಿಯಲ್ಲಿ ಇರುವಂಥವೇ. ಹಾಗಾಗಿ ಬೈಟುಗಳನ್ನು ಯಾವ ಪದ್ಧತಿಯಲ್ಲಿ ಓದಿದರೂ ಅವು ಬಹುಮಟ್ಟಿಗೆ ಕೆಡುವುದಿಲ್ಲ. ಬ್ರೌಸರ್ ಕೊನೆಯಲ್ಲಿ ಅದನ್ನು ಬಿಡಿಸಿ ಸಂಖ್ಯೆ ಮಾಡಿಕೊಳ್ಳುತ್ತದೆ. ಕೀಲಿಮಣೆಯಲ್ಲಿ ₹ ಇಲ್ಲದವರಿಗೂ ಇದು ದಾರಿ. ಆದರೆ ಫಾಂಟಿನ ಕೊರತೆಯನ್ನು ಸಂಕೇತ ನೀಗುವುದಿಲ್ಲ. ಶಹಾಪುರದಲ್ಲಿ ನಾನು ಎಡವಿದ್ದು ಅಲ್ಲೇ. ಡಾಲರಿಗೆ ಈ ಪಾಡು ಇಲ್ಲ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಪಟ್ಟಿಯಲ್ಲೇ ಅದಕ್ಕೆ 36ನೆಯ ಮನೆ ಸಿಕ್ಕಿದೆ. ಯೂರೋಗೆ ಸಂಖ್ಯೆಯ ಜೊತೆಗೆ ಎಚ್‌ಟಿಎಮ್‌ಎಲ್‌ನಲ್ಲಿ ಹೆಸರೂ ಇದೆ, ಸಂಖ್ಯೆಯ ಬದಲು ಆ ಹೆಸರು ಬರೆದರೂ ನಡೆಯುತ್ತದೆ. ಪೌಂಡು, ಯೆನ್, ಸೆಂಟುಗಳಿಗೂ ಇದೆ. ರೂಪಾಯಿಗೆ ಹೆಸರಿಲ್ಲ, ಸಂಖ್ಯೆ ಒಂದೇ ಗತಿ. ಸುರಪುರದಲ್ಲಿ ಒಬ್ಬ ಹುಡುಗಿ ಯೂರೋವನ್ನು ನೋಡಿ ಅದೇ ಮಾದರಿಯಲ್ಲಿ ರುಪೀ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿದಳು. ಪುಟದಲ್ಲಿ ಅವಳು ಬರೆದದ್ದೇ ಹಾಗೇ ಮೂಡಿತು.

ಇನ್ನೊಂದು ರೋಗ ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ಜಾಣ ಉಪಾಯದ ನೆರಳು. 2010ರ ಜುಲೈನಲ್ಲಿ ಚಿಹ್ನೆ ಘೋಷಣೆಯಾದಾಗ ಅದಕ್ಕೆ ಯೂನಿಕೋಡ್ ಸಂಖ್ಯೆ ಇನ್ನೂ ಇರಲಿಲ್ಲ, ಯಾವ ಕೀಲಿಮಣೆಯಲ್ಲೂ ಇರಲಿಲ್ಲ. ಮಂಗಳೂರಿನ ಫೊರೇಡಿಯನ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಕೆಲವೇ ದಿನಗಳಲ್ಲಿ ಒಂದು ಉಚಿತ ಫಾಂಟು ಬಿಟ್ಟಿತು. ಕೀಲಿಮಣೆಯ ಎಡ ಮೂಲೆಯಲ್ಲಿ, ಟ್ಯಾಬ್ ಕೀಲಿಯ ಮೇಲಿರುವ ಓರೆ ಗುರುತಿನ ( ` ) ಜಾಗದಲ್ಲಿ ರೂಪಾಯಿಯ ಚಿತ್ರ ಇಟ್ಟಿದ್ದರು. ದೇಶದ ತುಂಬ ಜನ ಅದನ್ನು ಬಳಸಿದರು. ಕಾದು ಕೂರುವ ಬದಲು ಕೆಲಸ ನಡೆಸಿದ ಉಪಾಯ ಅದು, ತೆಗಳುವಂಥದ್ದಲ್ಲ. ಆದರೆ ಕಡತದಲ್ಲಿ ಉಳಿದ ಸಂಖ್ಯೆ 96, ಅಂದರೆ ಓರೆ ಗುರುತಿನದೇ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಬೆಲೆಯ ಮುಂದೆ ರೂಪಾಯಿ ಇಲ್ಲ, ಒಂದು ಓರೆ ಚುಕ್ಕಿ ಮಾತ್ರ. ಇಂದಿಗೂ ಕೆಲವು ದರಪಟ್ಟಿಗಳಲ್ಲಿ ಈ ಚುಕ್ಕಿ ಕಾಣುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಇದು ಹೊಸದೇನಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಯನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುವುದನ್ನು ನಾವೆಲ್ಲ ಅನುಭವಿಸಿದ್ದೇವೆ. ಕಾರಣ ಒಂದೇ: ಸಂಖ್ಯೆ ಒಂದು ಅಕ್ಷರದ್ದು, ಫಾಂಟು ಬರೆಯುವ ಚಿತ್ರ ಇನ್ನೊಂದರದ್ದು. ನುಡಿಯ ಈ ಉದಾಹರಣೆಯನ್ನು ನಾನು ಶಹಾಪುರಕ್ಕಿಂತ ಮೊದಲೇ ನೆನಪಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ಸುರಪುರದ ಪಾಠಕ್ಕೆ ಕಪ್ಪುಹಲಗೆಯ ಪಟ್ಟಿಯನ್ನು ಪೂರ್ತಿ ಕೈಬಿಟ್ಟೆ. ಎರಡು ದಿನ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಸಿಗುವ ಮುದ್ರಿತ ಚೀಟಿಗಳಲ್ಲಿ ಹಣವನ್ನು ಹೇಗೆ ಬರೆದಿದ್ದಾರೆ ಎಂದು ನೋಡಿ, ಆದರೆ ತರಬಹುದಾದದ್ದನ್ನು ತನ್ನಿ. ಮೂವತ್ತಕ್ಕೂ ಹೆಚ್ಚು ಚೀಟಿ ಬಂದವು. ಹೆಸರು, ಮೊಬೈಲ್ ಸಂಖ್ಯೆ ಇರುವ ಭಾಗವನ್ನು ಮಡಚಿ ಅಂಟಿಸಿದೆವು. ಕೆಲವದರಲ್ಲಿ ₹ ಸರಿಯಾಗಿತ್ತು, ಕೆಲವದರಲ್ಲಿ ರೂ., ಕೆಲವದರಲ್ಲಿ ಇಂಗ್ಲಿಷಿನ ಆರ್ ಎಸ್. ಎರಡರಲ್ಲಿ ಓರೆ ಚುಕ್ಕಿ. ಮಕ್ಕಳು ಗುಂಪಾಗಿ ಅವನ್ನು ಬೇರ್ಪಡಿಸುತ್ತಿದ್ದಾಗ ಒಬ್ಬ ಹುಡುಗಿ ತನ್ನ ಚೀಟಿಯನ್ನು ಯಾವ ಗುಂಪಿಗೂ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಬೀಜ ಗೊಬ್ಬರದ ಅಂಗಡಿಯ ಬಿಲ್ಲು. ಒಟ್ಟು ಮೊತ್ತದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಮೇಡಂ, ಇದು ಖರೇ ರೊಕ್ಕ ಹೌದೋ ಅಲ್ಲೋ? ಮುಂದ ಪ್ರಶ್ನಿ ಹಾಕ್ಯಾರಲ್ರಿ. ಲೆಕ್ಕ ಇನ್ನೂ ಪಕ್ಕಾ ಆಗಿಲ್ಲ ಅಂತ ನಮ್ಮಪ್ಪ ಚೀಟಿ ತಗದಿಟ್ಟಾನ."

ಉದ್ದರಿ ತಂದ ಗೊಬ್ಬರ. ಚೀಟಿಯಲ್ಲಿ ಅಂಗಡಿಯವರಿಗೇ ಖಾತ್ರಿ ಇಲ್ಲವೆಂದು ಬರೆದಿದೆ ಎಂದು ಆ ತಂದೆ ಓದಿಕೊಂಡಿದ್ದರು. ತಪ್ಪೇನೂ ಇಲ್ಲ, ಪ್ರಶ್ನಾರ್ಥಕ ಚಿಹ್ನೆಗೆ ಶಾಲೆಯಲ್ಲಿ ನಾವು ಹೇಳಿಕೊಡುವ ಅರ್ಥ ಅದೇ. ನಾನು ಪಾಠಯೋಜನೆಯ ಕ್ರಮ ಬಿಟ್ಟು ಅಲ್ಲಿಂದಲೇ ಶುರು ಮಾಡಿದೆ. ಲ್ಯಾಬಿನ ಒಂದು ಯಂತ್ರದಲ್ಲಿ ನೋಟ್‌ಪ್ಯಾಡ್ ತೆರೆದು ₹ 500 ಎಂದು ಅಂಟಿಸಿ, ಉಳಿಸುವಾಗ ಹಳೆಯ ಆನ್ಸಿ ಪದ್ಧತಿ ಆರಿಸಿದೆ. ಕೆಲವು ಅಕ್ಷರಗಳು ಕಳೆದುಹೋಗುತ್ತವೆ ಎಂಬ ಎಚ್ಚರಿಕೆ ಬಂತು. ಮಕ್ಕಳಿಂದಲೇ ಓದಿಸಿ, ಸರಿ ಎಂದು ಒತ್ತಿದೆ. ಕಡತ ಮುಚ್ಚಿ ಮತ್ತೆ ತೆರೆದಾಗ ₹ ಇದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ! ತನ್ನ ಪಟ್ಟಿಯಲ್ಲಿಲ್ಲದ ಚಿಹ್ನೆ ಬಂದಾಗ ಹಳೆಯ ಪದ್ಧತಿ ಅದರ ಜಾಗದಲ್ಲಿ 63, ಅಂದರೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಬಿಡುತ್ತದೆ. ಡಬ್ಬಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಡಬ್ಬಿಯೊಳಗೆ 8377 ಇನ್ನೂ ಭದ್ರವಾಗಿದೆ, ಬೇರೆ ಯಂತ್ರಕ್ಕೆ ಒಯ್ದರೆ ಹೊರಗೆ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಯಲ್ಲಿ ಅದು ಹೋಗೇ ಹೋಯಿತು, ಫಾಂಟು ಬದಲಿಸಿದರೂ ಬರುವುದಿಲ್ಲ.

ಹುಡುಗಿಗೆ ಹೇಳಿದೆ: ಹೋಗಿರುವುದು ಚಿಹ್ನೆ, ಅಂಕೆಗಳಲ್ಲ, ಹೀಗೇ ಆಗಿರುವ ಸಂಭವ ಹೆಚ್ಚು. ಆದರೂ ಚೀಟಿ ಒಯ್ದು ಅಂಗಡಿಯಲ್ಲಿ ಒಮ್ಮೆ ಕೇಳಿಸು. ದುಡ್ಡಿನ ವಿಷಯದಲ್ಲಿ ಮೇಡಂ ಹೇಳಿದರು ಅಂತ ಬಿಡಬಾರದು.

ಆಗ ಒಬ್ಬ ಹುಡುಗ ಕೇಳಿದ, "ಚಿಹ್ನಿ ಇರ್ಲಿಲ್ಲಂದ್ರ ಏನಾತ್ರಿ? ರೂಪಾಯಿ ರೂಪಾಯಿನೇ ಅಲ್ರಿ?" ಸುರಪುರದಲ್ಲಿ ನಿಂತು ಈ ಪ್ರಶ್ನೆಗೆ ಉತ್ತರಿಸುವುದು ಸುಲಭ. ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ಎರಡು ರೂಪಾಯಿ ಗೊತ್ತಿದ್ದವು. ಸಂಸ್ಥಾನದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. 1950ರಲ್ಲಿ ಭಾರತದ ರೂಪಾಯಿ ಜೊತೆಗೆ ಚಲಾವಣೆಗೆ ಬಂದಾಗ ಲೆಕ್ಕ ಏಳು ಹಾಲಿಗೆ ಆರು ರೂಪಾಯಿ. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಬರೀ "ನೂರು ರೂಪಾಯಿ" ಎಂದು ಬರೆದರೆ ಯಾವ ನೂರು ಎಂದು ಕೇಳಬೇಕಾದ ಕಾಲ ಅದು. "ಹಂಗಾರ 70 ಹಾಲಿ ಅಂದ್ರ 60 ರೂಪಾಯಿ" ಎಂದು ಒಬ್ಬಳು ತಕ್ಷಣ ಲೆಕ್ಕ ಹಾಕಿದಳು. ಇಂದೂ ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್‌ಗಳ ಹಣದ ಹೆಸರು ರೂಪಾಯಿಯೇ. ಯೂನಿಕೋಡಿನಲ್ಲಿ 8360ನೆಯ ಮನೆಯ ₨ ಯಾರ ರೂಪಾಯಿಗಾದರೂ ಸಲ್ಲುತ್ತದೆ, 8377ನೆಯ ಮನೆಯ ₹ ಭಾರತದ್ದು ಮಾತ್ರ. ಸಮಾಜ ವಿಜ್ಞಾನದ ಗೆಳತಿಯೊಬ್ಬಳು ಇದನ್ನು ತನ್ನ ಪಾಠಕ್ಕೂ ಬಳಸಿಕೊಂಡಳು.

ಮನೆ ಸಂಖ್ಯೆ ಎಂಬ ಮಾತು ಹೀಗೆ ಬಾಯಿಗೆ ಬಂತು, ಮಕ್ಕಳಿಗೆ ಹಿಡಿಸಿತು. ಹಣದ ಚಿಹ್ನೆಗಳ ಓಣಿ 8352ರಿಂದ 8399ರವರೆಗೆ, ಒಟ್ಟು 48 ಮನೆ, ಕೆಲವು ಇನ್ನೂ ಖಾಲಿ. ರೂಪಾಯಿಯ ಎಡಗಡೆ ಮನೆ 8376ರಲ್ಲಿ ಕಜಕಿಸ್ತಾನದ ತೆಂಗೆ ₸, ಬಲಗಡೆ ಮನೆ 8378ರಲ್ಲಿ 2012ರಲ್ಲಿ ಬಂದ ಟರ್ಕಿಯ ಲಿರಾ ₺. ಒಂದು ಅಂಕೆ ತಪ್ಪಿದರೆ ದೇಶವೇ ಬದಲಾಗುತ್ತದೆ. ಬೇಕೆಂದೇ ತಪ್ಪು ಮಾಡಿ ಎಂದು ಹೇಳಿದೆ. ಇದು ಅಂದಿನ ಪಾಠದ ಅತಿ ಗದ್ದಲದ, ಅತಿ ಉಪಯುಕ್ತ ಹತ್ತು ನಿಮಿಷ. ಒಬ್ಬ 8737 ಎಂದು ಅಂಕೆ ಅದಲು ಬದಲು ಮಾಡಿದ. ಬಂದದ್ದು ಗಣಿತದ ಕೋನದ ಗುರುತು ∡. ಇನ್ನೊಬ್ಬನ ತಪ್ಪು ಎಲ್ಲಕ್ಕಿಂತ ಒಳ್ಳೆಯದು. ಹತ್ತಿಯ ದರ 7,200 ಎಂದು ಬರೆಯುವಾಗ ಸೆಮಿಕೋಲನ್ ಬಿಟ್ಟಿದ್ದ. ಪುಟದಲ್ಲಿ ಬಂದದ್ದು ಒಂದು ಡಬ್ಬಿ, ಒಂದು ಅಲ್ಪವಿರಾಮ, ಆಮೇಲೆ 200. ಏಳು ಸಾವಿರ ಎಲ್ಲಿ?

ಗುಂಪಿನಲ್ಲಿ ಚರ್ಚಿಸಿ ಅವರೇ ಕಂಡುಹಿಡಿದರು. ಸಂಕೇತ ಎಲ್ಲಿ ಮುಗಿಯಿತು ಎಂದು ಬ್ರೌಸರಿಗೆ ಹೇಳುವುದು ಸೆಮಿಕೋಲನ್. ಅದಿಲ್ಲದಿದ್ದರೆ ಅಂಕೆ ಸಿಗುವವರೆಗೂ ಓದುತ್ತಲೇ ಹೋಗುತ್ತದೆ. 8377ರ ಪಕ್ಕದ 7 ಕೂಡ ಸಂಕೇತಕ್ಕೆ ಸೇರಿ 83777 ಆಯಿತು, ಆ ಮನೆ ಖಾಲಿ. ದರದಲ್ಲಿ ಅಲ್ಪವಿರಾಮ ಇಲ್ಲದೆ 500 ಎಂದು ಬರೆದಿದ್ದರೆ 8377500 ಆಗುತ್ತಿತ್ತು, ಅಷ್ಟು ದೊಡ್ಡ ಮನೆ ಸಂಖ್ಯೆ ಯೂನಿಕೋಡಿನಲ್ಲಿ ಇಲ್ಲವೇ ಇಲ್ಲ, ಮೊತ್ತ ಪೂರ್ತಿ ಮಾಯ. ಚಿಹ್ನೆಗೂ ಅಂಕೆಗೂ ನಡುವೆ ಜಾಗ ಬಿಟ್ಟರೆ ಮಾತ್ರ ಸೆಮಿಕೋಲನ್ ಇಲ್ಲದೆಯೂ ಬ್ರೌಸರ್ ನಡೆಸಿಕೊಂಡು ಹೋಗುತ್ತದೆ. ಅದಕ್ಕೇ ಈ ತಪ್ಪು ಬಹಳ ಸಲ ಅಡಗಿ ಕೂತಿರುತ್ತದೆ, ಯಾರೋ ಒಬ್ಬರು ಜಾಗ ತೆಗೆದ ದಿನ ಹೊರಗೆ ಬೀಳುತ್ತದೆ. ಯಾದಗಿರಿಯಲ್ಲಿ "ಸೆಮಿಕೋಲನ್ ಮರೀಬೇಡಿ" ಎಂದು ನಾನು ನಾಲ್ಕು ಸಲ ಹೇಳಿದ್ದೆ. ಅದಕ್ಕಿಂತ ಕಳೆದುಹೋದ ಏಳು ಸಾವಿರ ಹೆಚ್ಚು ಕಲಿಸಿತು.

ಗಣಿತದ ಜೊತೆ ಅನುಬಂಧಕ್ಕೆ ಒಂದು ಸಣ್ಣ ಅವಕಾಶವೂ ಇದೆ. ಯೂನಿಕೋಡಿನ ಪಟ್ಟಿಗಳಲ್ಲಿ ರೂಪಾಯಿಯ ಸಂಖ್ಯೆಯನ್ನು ಹದಿನಾರರ ಆಧಾರದಲ್ಲಿ 20ಬಿ9 ಎಂದು ಕೊಟ್ಟಿರುತ್ತಾರೆ, ಬಿ ಅಂದರೆ ಇಲ್ಲಿ ಹನ್ನೊಂದು. 2×4096 + 0×256 + 11×16 + 9 = 8377. ಸ್ಥಾನಬೆಲೆ ಗೊತ್ತಿದ್ದ ಮಕ್ಕಳು ಎರಡು ನಿಮಿಷದಲ್ಲಿ ಬಿಡಿಸಿದರು. ತರಗತಿ ಪೂರ್ತಿಗೆ ಇದನ್ನು ಒತ್ತಾಯ ಮಾಡಬೇಕಿಲ್ಲ, ನಾನು ಒಂದು ಗುಂಪಿಗೆ ಮಾತ್ರ ಕೊಟ್ಟೆ.

"ಕನ್ನಡಕ್ಕ ಬ್ಯಾರೆ ಚಿಹ್ನಿ ಇಲ್ಲೇನ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಸಿದ್ಧವಾಗಿರಿ. ಯೂನಿಕೋಡಿನಲ್ಲಿ ಬಂಗಾಳಿ ಲಿಪಿಯ ರೂಪಾಯಿಗೆ 2547, ಗುಜರಾತಿಗೆ 2801, ತಮಿಳಿಗೆ 3065 ಎಂದು ಪ್ರತ್ಯೇಕ ಮನೆಗಳಿವೆ. ಕನ್ನಡಕ್ಕೆ ಹಾಗೆ ಒಂಟಿ ಚಿಹ್ನೆ ಇಲ್ಲ, ನಾವು ರೂ. ಎಂದು ಅಕ್ಷರದಲ್ಲೇ ಬರೆಯುತ್ತೇವೆ. ಅದನ್ನೂ ಸಂಕೇತದಲ್ಲಿ ಬರೆಯಿಸಿದೆ: ರ ಅಕ್ಷರಕ್ಕೆ 3248, ದೀರ್ಘ ಊಕಾರದ ಚಿಹ್ನೆಗೆ 3266. &#3248;&#3266; ಎಂದು ಬರೆದರೆ ರೂ. ಒಬ್ಬ ಹುಡುಗ ಎರಡನ್ನೂ ತಿರುಗಿಸಿ ಬರೆದ. ಊಕಾರ ಒಂದು ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡು ಮೊದಲು ಬಂತು, ರ ಆಮೇಲೆ. "ಅದಕ್ಕ ಕೂಡಾಕ ಅಕ್ಷರ ಬೇಕಲ್ರಿ" ಎಂದ ಅವನೇ. ಗುಣಿತಾಕ್ಷರವನ್ನು ಇಷ್ಟು ಚೆನ್ನಾಗಿ ನಾನು ಕನ್ನಡ ಪಾಠದಲ್ಲೂ ವಿವರಿಸಿಲ್ಲ.

ಸಮಯ ಮೀರಿತು. ವಿಸ್ತರಣೆಗೆಂದು ಇಟ್ಟಿದ್ದ ಮೊಬೈಲ್ ಸಂದೇಶದ ವಿಷಯ ಉಳಿಯಿತು. ಇಂಗ್ಲಿಷಿನ ಸಾದಾ ಎಸ್‌ಎಮ್‌ಎಸ್ 160 ಅಕ್ಷರ ಹಿಡಿಯುತ್ತದೆ. ಅದರ ಮೂಲ ಪಟ್ಟಿಯಲ್ಲಿ ಡಾಲರ್, ಪೌಂಡ್, ಯೆನ್ ಇವೆ, ₹ ಇಲ್ಲ. ಒಂದೇ ಒಂದು ₹ ಸೇರಿಸಿದರೂ ಸಂದೇಶ ಇಡಿಯಾಗಿ ಬೇರೆ ಪದ್ಧತಿಗೆ ಹೋಗಿ 70 ಅಕ್ಷರಕ್ಕೆ ಇಳಿಯುತ್ತದೆ. ಬ್ಯಾಂಕಿನ ಸಂದೇಶಗಳಲ್ಲಿ ಇನ್ನೂ ಆರ್ ಎಸ್ ಕಾಣುವುದಕ್ಕೆ ಇದೂ ಒಂದು ಕಾರಣ. ಯಾರಾದರೂ ಈ ಪಾಠ ಮಾಡುವವರು ಅದನ್ನು ಎರಡನೆಯ ಅವಧಿಗೆ ಇಟ್ಟುಕೊಳ್ಳಬಹುದು.

ಮೌಲ್ಯಮಾಪನವನ್ನು ಬದಲಿಸಿದ್ದೆ. ಯಾವ ಸಂಖ್ಯೆಯನ್ನೂ ನೆನಪಿನಿಂದ ಕೇಳಲಿಲ್ಲ. ಮಕ್ಕಳು ತಂದ ನಾಲ್ಕು ಬಗೆಯ ಚೀಟಿ ಮತ್ತು ಪುಟಗಳನ್ನು ಗೋಡೆಗೆ ಅಂಟಿಸಿ, ಡಬ್ಬಿ, ಪ್ರಶ್ನಾರ್ಥಕ ಚಿಹ್ನೆ, ಓರೆ ಚುಕ್ಕಿ, ಟೋಪಿಯ 'ಎ', ಇವುಗಳಲ್ಲಿ ಯಾವುದಕ್ಕೆ ಏನು ಕಾರಣ, ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಆಗದು ಎಂದು ಬರೆಯಲು ಹೇಳಿದೆ. ಡಬ್ಬಿ ಮತ್ತು ಪ್ರಶ್ನಾರ್ಥಕ ಚಿಹ್ನೆಯ ವ್ಯತ್ಯಾಸವನ್ನು ಹೆಚ್ಚಿನವರು ಸರಿಯಾಗಿ ಬರೆದರು. ಟೋಪಿಯ 'ಎ' ಬಹಳ ಜನರಿಗೆ ಹಿಡಿತಕ್ಕೆ ಸಿಗಲಿಲ್ಲ. ಬೈಟುಗಳ ಹಂತವನ್ನು ಒಂಬತ್ತನೆಯ ತರಗತಿಗೆ ಇಷ್ಟು ಬೇಗ ತರಬೇಕೇ ಎಂಬ ಅನುಮಾನ ನನಗೂ ಇದೆ. ಮುಂದಿನ ಸಲ ಅದನ್ನು ತೋರಿಸಿ ಬಿಡುತ್ತೇನೆ, ಕೇಳುವುದಿಲ್ಲ.

ಮುಂದಿನ ತಂಡಕ್ಕೆ ಒಂದು ಮಾತು. ಪಾಠದ ಹಿಂದಿನ ದಿನ ಲ್ಯಾಬಿನ ಪ್ರತಿ ಯಂತ್ರದಲ್ಲೂ ನಿಮ್ಮ ಪುಟ ತೆರೆದು ನೋಡಿ, ಮೊಬೈಲಿನಲ್ಲಿ ಬಂತೆಂದು ನಂಬಬೇಡಿ. ಡಬ್ಬಿ ಬರುವ ಯಂತ್ರ ಸಿಕ್ಕರೆ ಅದನ್ನು ದುರಸ್ತಿಗೆ ಕಳಿಸಬೇಡಿ, ಪಾಠಕ್ಕೆ ಒಂದನ್ನಾದರೂ ಹಾಗೇ ಇಟ್ಟುಕೊಳ್ಳಿ.

ಗೊಬ್ಬರದ ಬಿಲ್ಲಿನ ಹುಡುಗಿ ನಾಲ್ಕು ದಿನ ಬಿಟ್ಟು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಜೊತೆ ಅಂಗಡಿಗೆ ಹೋಗಿದ್ದಳಂತೆ. ಮೊತ್ತ ಅಷ್ಟೇ ಇತ್ತು. ಅಂಗಡಿಯವರಿಗೆ ಆ ಪ್ರಶ್ನಾರ್ಥಕ ಚಿಹ್ನೆ ಇರುವುದೇ ಗೊತ್ತಿರಲಿಲ್ಲ. "ಮಷಿನ್‌ದಾಗ 8377 ಇಲ್ಲ ಅಂತ ನಾನೇ ಹೇಳಿದ್ಯಾರಿ" ಎಂದಳು. ಅಂಗಡಿಯವರು ಏನಂದರು ಎಂದು ಕೇಳಿದೆ. ಪೆನ್ನಿನಿಂದ ಪ್ರಶ್ನಾರ್ಥಕ ಚಿಹ್ನೆ ಹೊಡೆದು ರೂ. ಎಂದು ಬರೆದುಕೊಟ್ಟಿದ್ದ ಚೀಟಿಯನ್ನು ತೆಗೆದು ತೋರಿಸಿದಳು.